ಗನ್‌ಡಾಗ್

ಗನ್‌ಡಾಗ್ ಎಂದರೆ ಕೋವಿ ಹಿಡಿದು ಹಕ್ಕಿಗಳನ್ನೂ ಮೊಲದಂಥ ಸಣ್ಣ ಪ್ರಾಣಿಗಳನ್ನೂ ಬೇಟೆಯಾಡುವವರಿಗೆ ನೆರವಾಗಲೆಂದು ತಳಿ ಆಯ್ದು, ತರಬೇತಿ ಕೊಟ್ಟು ಬೆಳೆಸಿದ ನಾಯಿ. ಬೇಟೆ ಎಲ್ಲಿ ಅಡಗಿದೆಯೆಂದು ಮೂಸಿ ಪತ್ತೆಹಚ್ಚುವುದು, ಅದನ್ನು ಎಬ್ಬಿಸುವುದು, ಈಡು ತಗುಲಿ ಬಿದ್ದದ್ದನ್ನು ಹುಡುಕಿ ಕೆಡಿಸದೆ ತಂದೊಪ್ಪಿಸುವುದು ಇದರ ಮೂರು ಮುಖ್ಯ ಕೆಲಸಗಳು. ಬೇಟೆಯನ್ನು ತಾವೇ ಅಟ್ಟಿ ಕೊಲ್ಲುವ ಹೌಂಡ್‌ಗಳಿಂದಲೂ ಬಿಲದೊಳಕ್ಕೆ ನುಗ್ಗುವ ಟೆರಿಯರ್‌ಗಳಿಂದಲೂ ಗನ್‌ಡಾಗ್ ಬೇರೆಯಾಗುವುದು ಕೊಲ್ಲದಿರುವ ಗುಣದಿಂದ. ಪಾಯಿಂಟರ್, ಸೆಟರ್, ಸ್ಪೇನಿಯಲ್, ರಿಟ್ರೀವರ್ ಮತ್ತು ಈ ಎಲ್ಲ ಕೆಲಸಗಳನ್ನೂ ಮಾಡಬಲ್ಲ ಯೂರೋಪಿನ ಬಹೂಪಯೋಗಿ ತಳಿಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳ ತಳಿಶುದ್ಧಿ, ತರಬೇತಿಯ ಕ್ರಮ ಮತ್ತು ಸ್ಪರ್ಧಾ ನಿಯಮಗಳು ಹೆಚ್ಚಾಗಿ 19ನೇ ಶತಮಾನದ ಬ್ರಿಟನ್ನಿನಲ್ಲಿ ರೂಪುಗೊಂಡವು. ಆದ್ದರಿಂದ ಈ ಲೇಖನದ ವಿವರಗಳು ಮುಖ್ಯವಾಗಿ ಬ್ರಿಟನ್ನಿಗೆ ಸಂಬಂಧಿಸಿವೆ.

ಉಗಮ ಮತ್ತು ಇತಿಹಾಸ

ಗನ್‌ಡಾಗ್‌ಗಳ ಪೂರ್ವಜರು ಕೋವಿಗಿಂತ ಹಳಬರು. ಮಧ್ಯಯುಗದ ಯೂರೋಪಿನಲ್ಲಿ ಹಕ್ಕಿಬೇಟೆ ನಡೆಯುತ್ತಿದ್ದುದು ಪಳಗಿಸಿದ ಗಿಡುಗಗಳಿಂದ ಇಲ್ಲವೆ ಬಲೆಯಿಂದ. ಗಿಡುಗ ಎರಗಲು ಅನುಕೂಲವಾಗುವಂತೆ ಪೊದೆಯಲ್ಲಿರುವ ಹಕ್ಕಿಯನ್ನು ಮೇಲಕ್ಕೆಬ್ಬಿಸುವ ನಾಯಿಗಳಿದ್ದವು. ಫ್ರಾನ್ಸಿನ ಫ್ವಾ ಪ್ರಾಂತದ ಅರಸ ಗಾಸ್ತೊನ್ ಫೇಬುಸ್ 1387ರಲ್ಲಿ ಬರೆಯಲಾರಂಭಿಸಿದ ಬೇಟೆಯ ಗ್ರಂಥದಲ್ಲಿ ಇವುಗಳ ವರ್ಣನೆಯಿದೆ. ಬಲೆಗಾರರು ಬಳಸುತ್ತಿದ್ದ ನಾಯಿಗಳು ಕೌಜುಗದ ಹಿಂಡಿನ ವಾಸನೆ ಸಿಕ್ಕೊಡನೆ ನೆಲಕ್ಕೆ ಅವುಚಿಕೊಂಡು ಕೂರುತ್ತಿದ್ದವು. ಬಲೆಯನ್ನು ನಾಯಿಯ ಮೇಲಿಂದಲೇ ಹಾಯಿಸಿ ಹಿಂಡನ್ನು ಹಿಡಿಯಲಾಗುತ್ತಿತ್ತು. ಇಂದಿನ ಸೆಟರ್ ತಳಿಗಳ ಮೂಲ ಇಲ್ಲಿದೆ. ಇಂಗ್ಲೆಂಡಿನ ವೈದ್ಯ ಜಾನ್ ಕೀಸ್ 1570ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಬ್ರಿಟಿಷ್ ನಾಯಿಗಳ ಪುಸ್ತಕದಲ್ಲಿ ನೆಲದ ಹಕ್ಕಿಯ ನಾಯಿ, ನೀರುಹಕ್ಕಿಯ ನಾಯಿ ಎಂಬ ವಿಂಗಡಣೆ ಕಾಣುತ್ತದೆ.

ಹಾರುವ ಹಕ್ಕಿಗೆ ಗುರಿಯಿಟ್ಟು ಹೊಡೆಯುವ ರೂಢಿ ಇಂಗ್ಲೆಂಡಿನಲ್ಲಿ ಹರಡಿದ್ದು 1660ರ ಅನಂತರ, ಚಕಮಕಿ ಕಲ್ಲಿನ ಕೋವಿಗಳು ಬಳಕೆಗೆ ಬಂದ ಮೇಲೆ. 18ನೇ ಶತಮಾನದಲ್ಲಿ ಸ್ಪೇನ್ ಮೂಲದ ಪಾಯಿಂಟರ್‌ಗಳು ಇಂಗ್ಲೆಂಡಿಗೆ ಬಂದವು. ನಳಿಗೆಯ ಮುಂಬಾಯಿಯಿಂದ ಮದ್ದು ತುಂಬುವ ಕೋವಿಗೆ ಒಂದು ಈಡಿನ ಅನಂತರ ಮತ್ತೆ ಸಿದ್ಧವಾಗಲು ಸಮಯ ಹಿಡಿಯುತ್ತಿತ್ತು. ಹಕ್ಕಿಯಿರುವ ಜಾಗವನ್ನು ಮೊದಲೇ ತೋರಿಸಿ, ಈಡುಗಾರ ಹತ್ತಿರ ಬರುವವರೆಗೆ ಕದಲದೆ ನಿಲ್ಲುವ ನಾಯಿ ಈ ನಿಧಾನದ ಬೇಟೆಗೆ ಹೊಂದಿಕೊಂಡಿತ್ತು.

1851ರ ಲಂಡನ್ ಮಹಾಪ್ರದರ್ಶನದಲ್ಲಿ ಹಿಂಬದಿಯಿಂದ ತೋಟಾ ತುಂಬುವ ಫ್ರೆಂಚ್ ಕೋವಿಯನ್ನು ಬ್ರಿಟಿಷ್ ತಯಾರಕರು ಕಂಡರು. ಮುಂದಿನ ದಶಕಗಳಲ್ಲಿ ಇಂಥ ಕೋವಿ ಎಲ್ಲೆಡೆ ಬಂತು. ಬೇಗ ಬೇಗ ಈಡು ಹಾರಿಸುವುದು ಸಾಧ್ಯವಾದಾಗ, ಈಡುಗಾರರು ಸಾಲಾಗಿ ನಿಂತಲ್ಲಿಗೆ ಹಕ್ಕಿಗಳನ್ನು ಹಾರಿಸಿ ತರುವ ಸೋವುಬೇಟೆ ಜಮೀನ್ದಾರಿ ಎಸ್ಟೇಟುಗಳ ವಾಡಿಕೆಯಾಯಿತು. ರೈಲುಮಾರ್ಗಗಳು ನಗರದ ಅತಿಥಿಗಳನ್ನು ಈ ಎಸ್ಟೇಟುಗಳಿಗೆ ಕರೆತಂದವು. ಒಂದೇ ದಿನ ನೂರಾರು ಹಕ್ಕಿ ಬೀಳತೊಡಗಿದ್ದರಿಂದ, ಅವನ್ನು ಹುಡುಕಿ ತರುವ ರಿಟ್ರೀವರ್‌ಗಳಿಗೆ ಬೇಡಿಕೆ ಹೆಚ್ಚಿತು.

ಲ್ಯಾಬ್ರಡಾರ್ ರಿಟ್ರೀವರ್‌ನ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಸೇಂಟ್ ಜಾನ್ಸ್ ನಾಯಿ. ಪೀಟರ್ ಹಾಕರ್ ಎಂಬ ಸೈನ್ಯಾಧಿಕಾರಿ 1814ರಲ್ಲಿ ಪ್ರಕಟಿಸಿದ ಬೇಟೆಯ ಕೈಪಿಡಿಯಲ್ಲಿ ಈ ನಾಯಿಯ ಪ್ರಸ್ತಾಪವಿದೆ. ಮಾಮ್ಸ್‌ಬರಿಯ ಅರ್ಲ್‌ಗಳು ಮತ್ತು ಸ್ಕಾಟ್ಲೆಂಡಿನ ಬಕ್ಲೂ ಡ್ಯೂಕ್ ಮನೆತನದವರು ಈ ತಳಿಯನ್ನು ಉಳಿಸಿ ಬೆಳೆಸಿದರು. 1880ರ ದಶಕದಲ್ಲಿ ಮಾಮ್ಸ್‌ಬರಿಯಿಂದ ಬಕ್ಲೂ ಮನೆತನಕ್ಕೆ ಹೋದ ನೆಡ್ ಮತ್ತು ಏವನ್ ಎಂಬ ನಾಯಿಗಳು ಇಂದಿನ ಲ್ಯಾಬ್ರಡಾರ್ ವಂಶಾವಳಿಯ ಮೂಲದಲ್ಲಿವೆ. ನಾಯಿತಳಿಗಳನ್ನು ನೋಂದಾಯಿಸುವ ಬ್ರಿಟಿಷ್ ಕೆನಲ್ ಕ್ಲಬ್ಬಿನ ಮನ್ನಣೆ ಈ ತಳಿಗೆ ಸಿಕ್ಕಿದ್ದು 1903ರಲ್ಲಿ. ಗೋಲ್ಡನ್ ರಿಟ್ರೀವರ್ ಸ್ಕಾಟ್ಲೆಂಡಿನ ಗಿಶಾಖನ್ ಎಸ್ಟೇಟಿನಲ್ಲಿ ಹುಟ್ಟಿತು. ಅದರ ಒಡೆಯ ಡಡ್ಲಿ ಮಾರ್ಜರಿಬ್ಯಾಂಕ್ಸ್ (ಮುಂದೆ ಲಾರ್ಡ್ ಟ್ವೀಡ್‌ಮೌತ್) ನೌಸ್ ಎಂಬ ಹಳದಿ ಗಂಡುನಾಯಿಯನ್ನು ಬೆಲ್ ಎಂಬ ಟ್ವೀಡ್ ವಾಟರ್ ಸ್ಪೇನಿಯಲ್‌ನೊಡನೆ ಕೂಡಿಸಿ 1868ರಲ್ಲಿ ನಾಲ್ಕು ಹಳದಿ ಮರಿಗಳನ್ನು ಪಡೆದದ್ದು ಈ ತಳಿಯ ಆರಂಭ.

ಸ್ವಭಾವದ ಆಧಾರ

ತೋಳದಂಥ ಬೇಟೆಗಾರ ಪ್ರಾಣಿಯ ನಡವಳಿಕೆಯಲ್ಲಿ ಒಂದು ಕ್ರಮವಿದೆ: ಹುಡುಕುವುದು, ಗುರುತಿಸಿ ನಿಟ್ಟಿಸುವುದು, ಹೊಂಚುತ್ತ ಹತ್ತಿರವಾಗುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು. ಗನ್‌ಡಾಗ್ ತಳಿಗಳಲ್ಲಿ ಈ ಸರಪಳಿಯ ಕೆಲವು ಕೊಂಡಿಗಳನ್ನು ಆಯ್ಕೆಯಿಂದ ಬಲಪಡಿಸಿ, ಉಳಿದವನ್ನು ದುರ್ಬಲಗೊಳಿಸಲಾಗಿದೆ. ಪಾಯಿಂಟರ್‌ನಲ್ಲಿ ನಿಟ್ಟಿಸಿ ನಿಲ್ಲುವ ಹಂತ ಹಿಗ್ಗಿದೆ. ಸ್ಪೇನಿಯಲ್‌ನಲ್ಲಿ ಹುಡುಕಾಟವೂ ಪೊದೆಗೆ ನುಗ್ಗುವ ಉತ್ಸಾಹವೂ ಹೆಚ್ಚಿವೆ. ರಿಟ್ರೀವರ್‌ನಲ್ಲಿ ಹಿಡಿದು ಹೊತ್ತು ತರುವ ಬಯಕೆ ಪ್ರಬಲವಾಗಿದ್ದು, ಕಚ್ಚಿ ಕೊಲ್ಲುವ ಹಂತ ಬಹುಮಟ್ಟಿಗೆ ಅಡಗಿದೆ. ಹಕ್ಕಿಯ ಪಕ್ಕೆಲುಬು ಮುರಿಯದಂತೆ ಹಿಡಿಯುವ ಗುಣಕ್ಕೆ ಮೃದುಬಾಯಿ ಎಂದೂ, ಅಗಿದು ನಜ್ಜುಗುಜ್ಜು ಮಾಡುವ ದೋಷಕ್ಕೆ ಗಡಸುಬಾಯಿ ಎಂದೂ ಹೆಸರು. ಗಡಸುಬಾಯಿಯ ನಾಯಿಯನ್ನು ಸಂತಾನಕ್ಕೆ ಬಳಸುವುದಿಲ್ಲ.

ತಳಿಯಿಂದ ಬಂದ ಪ್ರವೃತ್ತಿಯನ್ನು ಅಪ್ಪಣೆಯ ಮೇರೆಗೆ ತಡೆಯುವಂತೆ, ಅಪ್ಪಣೆಯ ಮೇರೆಗೇ ಬಿಡುವಂತೆ ಮಾಡುವುದು ತರಬೇತಿಯ ಸಾರ. ಎದ್ದ ಹಕ್ಕಿಯನ್ನಾಗಲಿ ಓಡುವ ಮೊಲವನ್ನಾಗಲಿ ಅಟ್ಟದೆ ಕೂರುವ ಈ ಗುಣವನ್ನು ಸ್ಥಿರತೆ ಎನ್ನುತ್ತಾರೆ.

ವಿಧಗಳು

ಬ್ರಿಟಿಷ್ ಕೆನಲ್ ಕ್ಲಬ್ ಕ್ಷೇತ್ರ ಸ್ಪರ್ಧೆಗಳಿಗಾಗಿ (ನಿಜವಾದ ಬೇಟೆಯ ನಡುವೆ ನಡೆಯುವ ಸ್ಪರ್ಧೆ) ಗನ್‌ಡಾಗ್‌ಗಳನ್ನು ನಾಲ್ಕು ಉಪವರ್ಗಗಳಾಗಿ ವಿಂಗಡಿಸುತ್ತದೆ. ಅಂತರರಾಷ್ಟ್ರೀಯ ನಾಯಿ ಒಕ್ಕೂಟವಾದ ಎಫ್‌ಸಿಐ ಪಾಯಿಂಟ್ ಮಾಡುವ ನಾಯಿಗಳನ್ನು 7ನೇ ಗುಂಪಿನಲ್ಲೂ, ರಿಟ್ರೀವರ್, ಸ್ಪೇನಿಯಲ್ ಮತ್ತು ನೀರುನಾಯಿ ತಳಿಗಳನ್ನು 8ನೇ ಗುಂಪಿನಲ್ಲೂ ಇಡುತ್ತದೆ.

ಪಾಯಿಂಟರ್ ಮತ್ತು ಸೆಟರ್: ಬಯಲು ಹಾಗೂ ಮೂರ್ ಎಂಬ ಕುರುಚಲು ಬೆಟ್ಟನೆಲಗಳಲ್ಲಿ ವೇಗವಾಗಿ, ಎಡಬಲಕ್ಕೆ ಅಗಲವಾಗಿ ಓಡುತ್ತ ಗಾಳಿಯಲ್ಲಿ ತೇಲಿಬರುವ ವಾಸನೆ ಹಿಡಿಯುತ್ತವೆ. ಹಕ್ಕಿಯ ಸುಳಿವು ಸಿಕ್ಕ ತಕ್ಷಣ ಮೂತಿಯನ್ನು ಅತ್ತ ತಿರುಗಿಸಿ, ಹಲವೊಮ್ಮೆ ಒಂದು ಮುಂಗಾಲು ಎತ್ತಿ, ಸ್ತಬ್ಧವಾಗಿ ನಿಲ್ಲುತ್ತವೆ. ಜೊತೆಯ ನಾಯಿ ನಿಂತದ್ದನ್ನು ಕಂಡು ಇನ್ನೊಂದು ನಾಯಿಯೂ ನಿಲ್ಲುವುದನ್ನು ಬ್ಯಾಕಿಂಗ್ ಎನ್ನುತ್ತಾರೆ. ಗಂಡು ಪಾಯಿಂಟರ್‌ನ ಎತ್ತರ 63ರಿಂದ 69 ಸೆಂ.ಮೀ. ಇಂಗ್ಲಿಷ್, ಐರಿಷ್, ಗಾರ್ಡನ್ ಹಾಗೂ ಕೆಂಪು-ಬಿಳಿ ಐರಿಷ್ ಸೆಟರ್‌ಗಳು ಈ ಉಪವರ್ಗದವು.

ಸ್ಪೇನಿಯಲ್: ಮುಳ್ಳುಪೊದೆ, ಜೊಂಡು, ಬೇಲಿಯ ಸಾಲುಗಳಲ್ಲಿ ಈಡುಗಾರನ ಮುಂದೆಯೇ, ಕೋವಿಯ ಹೊಡೆತದ ಅಳವಿನೊಳಗೆ ಹುಡುಕಿ ಬೇಟೆಯನ್ನು ಎಬ್ಬಿಸುತ್ತದೆ. ಎಬ್ಬಿಸಿದ ಕೂಡಲೇ ಕೂತು, ಅಪ್ಪಣೆಯಾದ ಮೇಲೆ ಬಿದ್ದದ್ದನ್ನು ತರುತ್ತದೆ. ಇಂಗ್ಲಿಷ್ ಸ್ಪ್ರಿಂಗರ್ (ಎತ್ತರ ಸುಮಾರು 51 ಸೆಂ.ಮೀ.) ಮತ್ತು ಕಾಕರ್ (ತೂಕ ಸುಮಾರು 13ರಿಂದ 14.5 ಕಿಲೋ) ಹೆಚ್ಚು ಬಳಕೆಯಲ್ಲಿವೆ. ಕ್ಲಂಬರ್, ವೆಲ್ಷ್ ಸ್ಪ್ರಿಂಗರ್, ಫೀಲ್ಡ್, ಸಸೆಕ್ಸ್ ಸ್ಪೇನಿಯಲ್‌ಗಳು ಕಡಿಮೆ.

ರಿಟ್ರೀವರ್: ಈಡಾಗುವವರೆಗೆ ಒಡೆಯನ ಪಕ್ಕದಲ್ಲಿ ಸದ್ದಿಲ್ಲದೆ ಕೂತಿದ್ದು, ಹಕ್ಕಿ ಬಿದ್ದ ಜಾಗವನ್ನು ನೆನಪಿನಲ್ಲಿಟ್ಟುಕೊಂಡು ಹೋಗಿ ತರುತ್ತದೆ. ಲ್ಯಾಬ್ರಡಾರ್ (ಗಂಡಿನ ಎತ್ತರ 56ರಿಂದ 57 ಸೆಂ.ಮೀ.), ಗೋಲ್ಡನ್, ಫ್ಲ್ಯಾಟ್‌ಕೋಟೆಡ್, ಕರ್ಲಿಕೋಟೆಡ್, ಅಮೆರಿಕದ ಚೆಸಪೀಕ್ ಬೇ ಹಾಗೂ ಕೆನಡಾದ ನೋವಾ ಸ್ಕೋಷಿಯ ಡಕ್ ಟೋಲಿಂಗ್ ರಿಟ್ರೀವರ್ ಇದರ ತಳಿಗಳು. ಕೊನೆಯದು ದಡದಲ್ಲಿ ಕುಣಿದಾಡಿ ಕಾಡುಬಾತುಗಳ ಕುತೂಹಲ ಕೆರಳಿಸಿ, ಅವನ್ನು ಕೋವಿಯ ಅಳವಿಗೆ ಸೆಳೆಯುತ್ತದೆ.

ಬಹೂಪಯೋಗಿ ತಳಿಗಳು: ಹುಡುಕಿ, ಪಾಯಿಂಟ್ ಮಾಡಿ, ಬಿದ್ದದ್ದನ್ನು ತರುವ ಮೂರೂ ಕೆಲಸ ಇವುಗಳದ್ದು. ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್, ಜರ್ಮನ್ ವೈರ್‌ಹೇರ್ಡ್ ಪಾಯಿಂಟರ್, ವೈಮರಾನರ್, ಹಂಗೇರಿಯ ವಿಝ್ಲಾ, ಫ್ರಾನ್ಸಿನ ಬ್ರಿಟನಿ, ಇಟಲಿಯ ಸ್ಪಿನೋನೆ ಇವುಗಳಲ್ಲಿ ಮುಖ್ಯವಾದವು. ಒಬ್ಬನೇ ಬೇಟೆಗಾರ ಒಂದೇ ನಾಯಿಯಿಂದ ಎಲ್ಲ ಕೆಲಸ ಪಡೆಯುವ ಮಧ್ಯ ಯೂರೋಪಿನ ಪದ್ಧತಿಯಲ್ಲಿ ಇವು ಬೆಳೆದವು. ಗಾಯಗೊಂಡ ಜಿಂಕೆಯ ನೆತ್ತರಿನ ಜಾಡು ಹಿಡಿಯುವುದೂ ಇವುಗಳ ಕೆಲಸದಲ್ಲಿ ಸೇರಿದೆ.

ಕೆಲಸದ ತಳಿಸಾಲು ಮತ್ತು ಪ್ರದರ್ಶನದ ತಳಿಸಾಲು

19ನೇ ಶತಮಾನದ ಕೊನೆಯವರೆಗೆ ಒಂದೇ ನಾಯಿ ಪ್ರದರ್ಶನಕ್ಕೂ ಬೇಟೆಗೂ ಹೋಗುತ್ತಿತ್ತು. ಕ್ರಮೇಣ ಪ್ರದರ್ಶನಕ್ಕೆ ರೂಪವೂ ಬೇಟೆಗೆ ವೇಗ, ಮೂಗು, ಕಲಿಯುವ ಗುಣಗಳೂ ಆಯ್ಕೆಯ ಆಧಾರವಾಗಿ ತಳಿಸಾಲುಗಳು ಕವಲೊಡೆದವು. ಕೆಲಸದ ಲ್ಯಾಬ್ರಡಾರ್ ಸಾಮಾನ್ಯವಾಗಿ ತೆಳ್ಳಗೆ, ಉದ್ದಕಾಲಿನದಾಗಿರುತ್ತದೆ. ಪ್ರದರ್ಶನದ್ದು ಅಗಲ ಎದೆಯ, ದಪ್ಪ ಮೈಯ ನಾಯಿ. ಕಾಕರ್ ಮತ್ತು ಸ್ಪ್ರಿಂಗರ್‌ಗಳಲ್ಲಿ ಈ ಭೇದ ಇನ್ನೂ ಸ್ಪಷ್ಟ: ಕೆಲಸದ ನಾಯಿಗಳ ಕಿವಿ ಗಿಡ್ಡ, ತುಪ್ಪಟ ತೆಳು, ತಲೆ ಚಪ್ಪಟೆ. ಎರಡೂ ಕ್ಷೇತ್ರಗಳಲ್ಲಿ ಚಾಂಪಿಯನ್ ಆದ ಮೊದಲ ಲ್ಯಾಬ್ರಡಾರ್, 1915ರಲ್ಲಿ ಹುಟ್ಟಿದ ಬ್ಯಾಂಕರಿ ಬೋಲೊ.

ತರಬೇತಿ

ಮರಿಯ ಹಂತ: ಮರಿಯನ್ನು ಸುಮಾರು ಎಂಟು ವಾರದಲ್ಲಿ ತಾಯಿಯಿಂದ ಬೇರ್ಪಡಿಸಿ ತರಲಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮನುಷ್ಯರು, ವಾಹನ, ದನಕುರಿ, ನೀರು, ಬಗೆಬಗೆಯ ನೆಲ ಇವುಗಳ ಪರಿಚಯ ನಡೆಯುತ್ತದೆ. ಹೆಸರು ಕರೆದರೆ ಬರುವುದು, ಊಟದ ತಟ್ಟೆಯ ಮುಂದೆ ಕೂತು ಕಾಯುವುದು ಆರಂಭದ ಪಾಠಗಳು. ಮರಿ ಬಾಯಲ್ಲಿ ಏನನ್ನೇ ಹೊತ್ತು ತಂದರೂ ಗದರುವುದಿಲ್ಲ. ಗದರಿದರೆ ತಂದೊಪ್ಪಿಸುವ ಪ್ರವೃತ್ತಿಯೇ ಕುಗ್ಗುತ್ತದೆ. ಎಲುಬಿನ ಬೆಳವಣಿಗೆ ಮುಗಿಯದ ಈ ವಯಸ್ಸಿನಲ್ಲಿ ದೀರ್ಘ ಓಟ ಮತ್ತು ಎತ್ತರದ ಜಿಗಿತ ನಿಷಿದ್ಧ.

ಅಡಿಪಾಯ: ಆರರಿಂದ ಎಂಟು ತಿಂಗಳಿನ ಹೊತ್ತಿಗೆ ಕ್ರಮಬದ್ಧ ತರಬೇತಿ ಶುರುವಾಗುತ್ತದೆ. ಹಗ್ಗವಿಲ್ಲದೆಯೂ ಕಾಲಬಳಿ ನಡೆಯುವುದು, ಕೂತಲ್ಲೇ ಇರುವುದು, ಕರೆದಾಗ ನೇರ ಬರುವುದು, ದೂರದಲ್ಲಿದ್ದರೂ ಸೀಟಿಗೆ ನಿಲ್ಲುವುದು ಇದರ ನಾಲ್ಕು ಅಂಗಗಳು. ಒಂದು ಉದ್ದ ಸೀಟಿಗೆ ‘ನಿಲ್ಲು’, ಹಲವು ಗಿಡ್ಡ ಸೀಟಿಗೆ ‘ಬಾ’, ಎರಡು ಗಿಡ್ಡ ಸೀಟಿಗೆ ‘ತಿರುಗು’ ಎಂಬ ಅರ್ಥ ಬ್ರಿಟನ್ನಿನಲ್ಲಿ ಬಹುತೇಕ ಸಮಾನ. ಒಂದೇ ಸ್ವರ ಹೊಮ್ಮಿಸುವ ಸಂಖ್ಯಾಂಕಿತ ಪ್ಲಾಸ್ಟಿಕ್ ಸೀಟಿಗಳು ಬಳಕೆಯಲ್ಲಿವೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾಗುವ ಆಕ್ಮೆ ಕಂಪನಿಯ 210½ನ್ನು ಹೆಚ್ಚಾಗಿ ಸ್ಪೇನಿಯಲ್‌ಗಳಿಗೂ 211½ನ್ನು ರಿಟ್ರೀವರ್‌ಗಳಿಗೂ ಬಳಸುತ್ತಾರೆ. ಸೀಟಿ ಕಳೆದರೂ ಅದೇ ಸ್ವರದ ಇನ್ನೊಂದನ್ನು ಕೊಳ್ಳಬಹುದು. ನಾಯಿಯನ್ನು ಬೇರೊಬ್ಬರು ನಡೆಸುವುದಕ್ಕೂ ಇದರಿಂದ ಅನುಕೂಲ.

ಡಮ್ಮಿಯ ಅಭ್ಯಾಸ: ಕ್ಯಾನ್ವಾಸ್ ಬಟ್ಟೆಯ ಉದ್ದನೆಯ ಚೀಲಕ್ಕೆ ತೂಕ ತುಂಬಿ ಮಾಡಿದ ಡಮ್ಮಿ ಹಕ್ಕಿಯ ಬದಲಿಗೆ ಬಳಸುವ ಸಾಧನ. ಮರಿಗಳಿಗೆ ಸುಮಾರು ಕಾಲು ಕಿಲೋ, ಬೆಳೆದ ನಾಯಿಗಳಿಗೆ ಸುಮಾರು ಅರ್ಧ ಕಿಲೋ ತೂಗುವ ಡಮ್ಮಿ ರೂಢಿಯಲ್ಲಿದೆ. ಎಸೆದ ಎಲ್ಲ ಡಮ್ಮಿಗಳನ್ನೂ ನಾಯಿಗೆ ತರಲು ಬಿಡುವುದಿಲ್ಲ. ಹಲವನ್ನು ಹ್ಯಾಂಡ್ಲರ್ (ನಾಯಿಯನ್ನು ನಡೆಸುವವನು) ತಾನೇ ನಡೆದುಹೋಗಿ ಎತ್ತಿಕೊಳ್ಳುತ್ತಾನೆ. ಬಿದ್ದದ್ದೆಲ್ಲ ತನ್ನದಲ್ಲವೆಂಬುದು ನಾಯಿಗೆ ಹೀಗೆ ಅಭ್ಯಾಸವಾಗುತ್ತದೆ. ನಾಯಿ ನೋಡುತ್ತಿರುವಂತೆ ಬಿದ್ದದ್ದನ್ನು ತರುವುದು ಮೊದಲ ಹಂತ. ತಾನು ನೋಡಿರದ ಜಾಗದಿಂದ ಹ್ಯಾಂಡ್ಲರ್‌ನ ಕೈಸನ್ನೆ ನಂಬಿ ತರುವುದು ಮುಂದಿನ ಹಂತ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಎಂಬ ಮೂರು ಸನ್ನೆಗಳನ್ನು ಮೂರು ದಿಕ್ಕಿನಲ್ಲಿಟ್ಟ ಡಮ್ಮಿಗಳಿಂದ ಕಲಿಸುತ್ತಾರೆ. ಸಾಲಿನಲ್ಲಿ ಹಲವು ನಾಯಿಗಳು ಕೂತಿರುವುದರಿಂದ ರಿಟ್ರೀವರ್‌ನ್ನು ಕಳಿಸುವ ಅಪ್ಪಣೆ ಅದರ ಹೆಸರೇ ಆಗಿರುತ್ತದೆ. ಬಿದ್ದ ಜಾಗ ತಲುಪಿದ ನಾಯಿಗೆ ಅಲ್ಲೇ ಸುತ್ತ ಹುಡುಕುವಂತೆ ತಿಳಿಸಲು ‘ಹೈ ಲಾಸ್ಟ್’ ಎಂಬ ಕೂಗು ಇದೆ. ಸ್ಪೇನಿಯಲ್‌ಗೆ ಕೂರಲು ಹೇಳುವ ಸಾಂಪ್ರದಾಯಿಕ ಮಾತು ‘ಹಪ್’.

ಹುಡುಕಾಟ: ಸ್ಪೇನಿಯಲ್ ಮತ್ತು ಪಾಯಿಂಟರ್‌ಗಳಿಗೆ ಗಾಳಿಗೆ ಎದುರಾಗಿ ಎಡಬಲಕ್ಕೆ ಓಡುತ್ತ ನೆಲ ಬಿಡದಂತೆ ಜಾಲಾಡುವುದನ್ನು ಕಲಿಸುತ್ತಾರೆ. ಸ್ಪೇನಿಯಲ್ ಹ್ಯಾಂಡ್ಲರ್‌ನ ಎರಡೂ ಬದಿಗೆ ಸುಮಾರು 15ರಿಂದ 20 ಮೀಟರಿನೊಳಗೆ ಇರಬೇಕು. ಗಾಳಿ ಬೆನ್ನಿಗಿದ್ದಾಗ ನಾಯಿ ಮೊದಲು ಮುಂದಕ್ಕೆ ಹೋಗಿ ಹ್ಯಾಂಡ್ಲರ್‌ನತ್ತ ಹುಡುಕುತ್ತ ಬರುವ ಕ್ರಮ ಬೇರೆ. ಮೊಲಗಳಿರುವ ಬೇಲಿಯಾವರಣದೊಳಗೆ ನಾಯಿಯನ್ನು ನಡೆಸಿ ಅಟ್ಟದಿರುವ ಸ್ಥಿರತೆಯನ್ನು ಗಟ್ಟಿಮಾಡಲಾಗುತ್ತದೆ.

ಕೋವಿಯ ಸದ್ದು: ಮೊದಲ ಸದ್ದನ್ನು ನೂರು ಮೀಟರಿಗೂ ಹೆಚ್ಚು ದೂರದಿಂದ, ನಾಯಿ ಆಟದಲ್ಲೋ ಡಮ್ಮಿಯ ಕೆಲಸದಲ್ಲೋ ತೊಡಗಿರುವಾಗ ಕೇಳಿಸಿ, ಅಂತರವನ್ನು ದಿನಗಳೆದಂತೆ ಕಡಿಮೆ ಮಾಡುತ್ತಾರೆ. ಅವಸರಪಟ್ಟರೆ ಸದ್ದಿಗೆ ಹೆದರುವ ದೋಷ ಹುಟ್ಟಬಹುದು. ಅದನ್ನು ಸರಿಪಡಿಸುವುದು ಬಹಳ ಕಷ್ಟ.

ನಿಜವಾದ ಬೇಟೆ: ಗರಿ ಇಲ್ಲವೆ ಮೊಲದ ಚರ್ಮ ಸುತ್ತಿದ ಡಮ್ಮಿ, ಅನಂತರ ತಣ್ಣಗಾದ ಸತ್ತ ಹಕ್ಕಿ, ಕೊನೆಗೆ ಆಗಷ್ಟೇ ಬಿದ್ದ ಹಕ್ಕಿ ಎಂಬ ಕ್ರಮದಲ್ಲಿ ಪರಿಚಯಿಸಲಾಗುತ್ತದೆ. ಗಾಯಗೊಂಡು ಓಡುವ ಹಕ್ಕಿಯ ಜಾಡು ಹಿಡಿಯುವುದು ಅತ್ಯಂತ ಕಠಿಣ ಪಾಠ. ಒಂದೂವರೆ ವರ್ಷದ ಆಸುಪಾಸಿನವರೆಗೆ ನಾಯಿಯನ್ನು ಪೂರ್ಣ ಬೇಟೆಯ ದಿನಕ್ಕೆ ಒಯ್ಯದಿರುವುದು ವಾಡಿಕೆ. ಮೊದಲ ಋತುವಿನಲ್ಲಿ ಅದು ಹೆಚ್ಚಾಗಿ ನೋಡುತ್ತ ಕೂರುತ್ತದೆ, ಸುಲಭವಾದ ಕೆಲವನ್ನು ಮಾತ್ರ ತರುತ್ತದೆ.

ವಿಧಾನಗಳ ಬದಲಾವಣೆ: ಡಬ್ಲ್ಯು. ಎನ್. ಹಚಿನ್‌ಸನ್ 1848ರಲ್ಲಿ ಪ್ರಕಟಿಸಿದ ‘ಡಾಗ್ ಬ್ರೇಕಿಂಗ್’ ಪುಸ್ತಕ, ಹೊಡೆತವೇ ಪ್ರಧಾನವಾಗಿದ್ದ ಕಾಲದಲ್ಲಿ ತಾಳ್ಮೆ ಮತ್ತು ಬಹುಮಾನದ ಕ್ರಮವನ್ನು ವಿವರಿಸಿತು. ಇಂದು ಬಹುಮಾನಾಧಾರಿತ ತರಬೇತಿ ವ್ಯಾಪಕವಾಗಿದೆ. ಅಮೆರಿಕದಲ್ಲಿ ಡಮ್ಮಿಯನ್ನು ಬಾಯಲ್ಲಿ ಹಿಡಿಯುವುದನ್ನೇ ಒತ್ತಾಯದಿಂದ ಕಲಿಸುವ ಕ್ರಮವೂ ವಿದ್ಯುತ್ ಕೊರಳಪಟ್ಟಿಯ ಬಳಕೆಯೂ ಇವೆ. ವೇಲ್ಸ್‌ನಲ್ಲಿ ಆಘಾತ ಕೊಡುವ ಕೊರಳಪಟ್ಟಿಯನ್ನು 2010ರಲ್ಲಿ ನಿಷೇಧಿಸಲಾಯಿತು.

ಬೇಟೆಯ ಋತು ಮತ್ತು ಕೆಲಸದ ದಿನ

ಇಂಗ್ಲೆಂಡಿನಲ್ಲಿ ಕೆಂಪು ಗ್ರೌಸ್ ಹಕ್ಕಿಯ ಬೇಟೆಗೆ ಆಗಸ್ಟ್ 12ರಿಂದ ಡಿಸೆಂಬರ್ 10, ಕೌಜುಗಕ್ಕೆ ಸೆಪ್ಟೆಂಬರ್ 1ರಿಂದ ಫೆಬ್ರವರಿ 1, ಫೆಸಂಟ್‌ಗೆ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಅವಕಾಶವಿದೆ. 1831ರ ಬೇಟೆ ಕಾಯಿದೆಯಂತೆ ಭಾನುವಾರ ಮತ್ತು ಕ್ರಿಸ್‌ಮಸ್ ದಿನ ಈ ಹಕ್ಕಿಗಳನ್ನು ಹೊಡೆಯುವಂತಿಲ್ಲ. ಕೆಲಸದ ನಾಯಿಯ ವರ್ಷ ಈ ದಿನಾಂಕಗಳಿಗೆ ಹೊಂದಿಕೊಂಡಿರುತ್ತದೆ.

ಸೋವುಬೇಟೆಯ ದಿನ ನಾಯಿಗಳಿಗೆ ಮೂರು ಬಗೆಯ ಸ್ಥಾನಗಳಿವೆ. ಕೆಲವು ಹಳು ಸೋವುವವರ ಸಾಲಿನಲ್ಲಿ ನಡೆದು ಪೊದೆಗಳಿಂದ ಫೆಸಂಟ್‌ಗಳನ್ನು ಎಬ್ಬಿಸುತ್ತವೆ. ಇಲ್ಲಿ ಸ್ಪೇನಿಯಲ್‌ಗಳೇ ಹೆಚ್ಚು. ಕೆಲವು ಈಡುಗಾರರು ನಿಲ್ಲುವ ಜಾಗ ಸೂಚಿಸುವ ಗೂಟದ ಬಳಿ, ಸುತ್ತ ಹಕ್ಕಿ ಬೀಳುತ್ತಿದ್ದರೂ, ಸೋವು ಮುಗಿದ ಸೂಚನೆ ಬರುವವರೆಗೆ ಕದಲದೆ ಕೂತಿರುತ್ತವೆ. ಇನ್ನು ಕೆಲವು ಸಾಲಿನ ಹಿಂದೆ ಬಹುದೂರದಲ್ಲಿ, ಬಿದ್ದ ಹಕ್ಕಿಗಳನ್ನು ಸಂಗ್ರಹಿಸುವವರ ಜೊತೆ ಇರುತ್ತವೆ. ಗಾಯಗೊಂಡ ಹಕ್ಕಿಯನ್ನು ಬೇಗ ಪತ್ತೆಹಚ್ಚಿ ಅದರ ಯಾತನೆ ಕೊನೆಗೊಳಿಸುವುದು ಇವರ ಮೊದಲ ಹೊಣೆ. ದಿನಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ಸೋವುಗಳಿದ್ದು, ಪ್ರತಿಯೊಂದರ ಕೊನೆಗೆ ನೆಲವನ್ನು ಮತ್ತೊಮ್ಮೆ ಜಾಲಾಡಲಾಗುತ್ತದೆ.

ಒಬ್ಬಿಬ್ಬರೇ ನಡೆದು ಆಡುವ ಬೇಟೆಯಲ್ಲಿ ಸ್ಪೇನಿಯಲ್ ಇಲ್ಲವೆ ಬಹೂಪಯೋಗಿ ನಾಯಿ ಎಲ್ಲ ಕೆಲಸ ಮಾಡುತ್ತದೆ. ಅಳಿವೆಗಳ ಕೆಸರಿನಲ್ಲಿ ಬೆಳಗಿನ ಜಾವ ನಡೆಯುವ ಕಾಡುಬಾತಿನ ಬೇಟೆಯಲ್ಲಿ ಲ್ಯಾಬ್ರಡಾರ್ ಗಂಟೆಗಟ್ಟಲೆ ಚಳಿಯಲ್ಲಿ ಕಾದು, ಉಬ್ಬರದ ನೀರಿಗಿಳಿದು ತರಬೇಕಾಗುತ್ತದೆ. ಅದರ ಎರಡು ಪದರದ, ಜಿಡ್ಡಿರುವ ತುಪ್ಪಟ ಇದಕ್ಕೆ ತಕ್ಕದಾಗಿದೆ.

ವಾಸನೆ ಹಿಡಿಯುವ ಕೆಲಸ ಹವೆಯನ್ನು ಅವಲಂಬಿಸಿದೆ. ತುಸು ತೇವವಿರುವ ನೆಲ ಮತ್ತು ಹದವಾದ ಗಾಳಿಯಲ್ಲಿ ವಾಸನೆ ನಿಲ್ಲುತ್ತದೆ. ಒಣ ಬಿಸಿಲಿನಲ್ಲಿ ಒಳ್ಳೆಯ ನಾಯಿಯೂ ಹತ್ತಿರದ ಹಕ್ಕಿಯನ್ನು ದಾಟಿಹೋಗಬಹುದು.

ದಿನಚರಿ ಮತ್ತು ಆರೈಕೆ

ಕೆಲಸದ ನಾಯಿಗಳು ಮನೆಯೊಳಗೋ, ಒಣ ಹಾಸಿಗೆ ಹಾಗೂ ಓಡಾಡುವ ಅಂಗಳವಿರುವ ನಾಯಿಗೂಡಿನಲ್ಲೋ ವಾಸಿಸುತ್ತವೆ. ಬೇಟೆಯಿಲ್ಲದ ದಿನ ಎರಡು ಹೊತ್ತಿನ ತಿರುಗಾಟ, ಹತ್ತಾರು ನಿಮಿಷದ ಅಭ್ಯಾಸ, ಒಂದು ಇಲ್ಲವೆ ಎರಡು ಊಟ ಸಾಮಾನ್ಯ ಕ್ರಮ. ಅಭ್ಯಾಸವನ್ನು ಚಿಕ್ಕದಾಗಿಟ್ಟು, ನಾಯಿಗೆ ಬೇಸರ ಬರುವ ಮೊದಲೇ ನಿಲ್ಲಿಸುತ್ತಾರೆ. ಋತುವಿನಲ್ಲಿ ಕೊಬ್ಬು ಮತ್ತು ಪ್ರೋಟೀನ್ ಹೆಚ್ಚಿರುವ ಆಹಾರ ಕೊಡುತ್ತಾರೆ. ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ತಪ್ಪಿಸಲು ಶ್ರಮಕ್ಕೆ ಮುಂಚೆ ಹಾಗೂ ಶ್ರಮ ಮುಗಿದ ತಕ್ಷಣ ತುಂಬು ಊಟ ಹಾಕುವುದಿಲ್ಲ. ಬ್ರಿಟನ್ನಿನಲ್ಲಿ ಕೆಲಸದ ನಾಯಿಗಳಿಗೆಂದೇ ಮಾರುವ ಆಹಾರಕ್ಕೆ ಮೌಲ್ಯವರ್ಧಿತ ತೆರಿಗೆ ಶೂನ್ಯ ದರದ್ದು.

ಬೇಟೆಯಿಂದ ಮರಳಿದ ಮೇಲೆ ಮೈ ಒರೆಸಿ ಒಣಗಿಸಿ, ಕಣ್ಣು, ಕಿವಿ, ಪಂಜದ ಬೆರಳುಗಳ ಸಂದು, ಕಂಕುಳು ಇವನ್ನು ಪರೀಕ್ಷಿಸುತ್ತಾರೆ. ಮುಳ್ಳು, ತಂತಿಬೇಲಿಯ ಗೀರು, ಉಣ್ಣೆ, ಚರ್ಮದೊಳಕ್ಕೆ ನುಸುಳುವ ಹುಲ್ಲಿನ ಮುಳ್ಳುಬೀಜ ಇಲ್ಲಿ ಸಾಮಾನ್ಯ. ಫೆಬ್ರವರಿಯಲ್ಲಿ ವಿಶ್ರಾಂತಿ, ವಸಂತದಲ್ಲಿ ಮೂಲ ಪಾಠಗಳ ಪುನರಭ್ಯಾಸ, ಬೇಸಿಗೆಯಲ್ಲಿ ನೀರಿನ ಅಭ್ಯಾಸ ಮತ್ತು ಡಮ್ಮಿ ಪರೀಕ್ಷೆಗಳು, ಜುಲೈಯಿಂದ ಮೈಕಟ್ಟು ಗಟ್ಟಿಮಾಡುವ ವ್ಯಾಯಾಮ ಎಂಬುದು ವರ್ಷದ ಸುತ್ತು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ರಕ್ಷಣೆಗಾಗಿ ಇಂಗ್ಲೆಂಡಿನ ಸಾರ್ವಜನಿಕ ಪ್ರವೇಶದ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಎರಡು ಮೀಟರಿಗಿಂತ ಉದ್ದವಲ್ಲದ ಹಗ್ಗದಲ್ಲಿ ಹಿಡಿದಿರಬೇಕೆಂದು 2000ದ ಕಾಯಿದೆ ವಿಧಿಸುತ್ತದೆ.

ಆರೋಗ್ಯ

ಸೊಂಟದ ಕೀಲಿನ ದೋಷ, ಮೊಣಕೈ ಕೀಲಿನ ದೋಷ ಮತ್ತು ಕ್ರಮೇಣ ಕುರುಡಾಗಿಸುವ ಅಕ್ಷಿಪಟಲದ ಕಾಯಿಲೆಗಳು ರಿಟ್ರೀವರ್‌ಗಳಲ್ಲಿ ಮುಖ್ಯ ಆನುವಂಶಿಕ ಸಮಸ್ಯೆಗಳು. ಸಂತಾನಕ್ಕೆ ಬಳಸುವ ಮೊದಲು ಎಕ್ಸ್-ರೇ, ಕಣ್ಣಿನ ತಪಾಸಣೆ ಮತ್ತು ಡಿಎನ್‌ಎ ಪರೀಕ್ಷೆ ಮಾಡಿಸುವುದು ರೂಢಿಯಾಗಿದೆ. ತೀವ್ರ ವ್ಯಾಯಾಮದ ನಡುವೆ ಹಿಂಗಾಲು ಸೋತು ಕುಸಿಯುವ ಕಾಯಿಲೆಗೆ ಕಾರಣವಾದ ವಂಶವಾಹಿ ವ್ಯತ್ಯಯವನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಈಜು ಇಲ್ಲವೆ ಅತಿಶ್ರಮದ ಮರುದಿನ ಬಾಲ ಜೋತುಬಿದ್ದು ನೋಯುವ ಬಾಲಸೋಲು ಕೆಲಸದ ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚೆಂದು ಎಡಿನ್‌ಬರೊ ವಿಶ್ವವಿದ್ಯಾಲಯದ 2016ರ ಅಧ್ಯಯನ ತೋರಿಸಿತು. ಇದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ವಾಸಿಯಾಗುತ್ತದೆ.

ಮುಳ್ಳುಪೊದೆಗಳಲ್ಲಿ ಬಾಲ ಬಡಿದು ಗಾಯವಾಗುವುದನ್ನು ತಡೆಯಲು ಸ್ಪೇನಿಯಲ್ ಮತ್ತು ಬಹೂಪಯೋಗಿ ತಳಿಗಳ ಮರಿಗಳ ಬಾಲ ಕತ್ತರಿಸುವ ರೂಢಿಯಿದೆ. 2006ರ ಪ್ರಾಣಿ ಕಲ್ಯಾಣ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದನ್ನು ನಿಷೇಧಿಸಿ, ಕೆಲಸದ ನಾಯಿಗಳಿಗೆ ವಿನಾಯಿತಿ ಕೊಟ್ಟಿತು. ಪೂರ್ಣ ನಿಷೇಧ ತಂದಿದ್ದ ಸ್ಕಾಟ್ಲೆಂಡ್ 2017ರಲ್ಲಿ ಈ ತಳಿಗಳ ಮರಿಗಳ ಬಾಲದ ತುದಿಯ ಮೂರನೆಯ ಒಂದು ಭಾಗದವರೆಗೆ ಪಶುವೈದ್ಯರು ತೆಗೆಯಲು ಅನುಮತಿಸಿತು.

ಪರೀಕ್ಷೆ ಮತ್ತು ಸ್ಪರ್ಧೆ

ದಾಖಲಾದ ಮೊದಲ ಕ್ಷೇತ್ರ ಸ್ಪರ್ಧೆ 1865ರ ಏಪ್ರಿಲ್ 18ರಂದು ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರ್‌ನ ಸೌತ್‌ಹಿಲ್‌ನಲ್ಲಿ ಪಾಯಿಂಟರ್ ಮತ್ತು ಸೆಟರ್‌ಗಳಿಗಾಗಿ ನಡೆಯಿತು. 1873ರಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಯಿತು. ಸ್ಪೇನಿಯಲ್‌ಗಳ ಮೊದಲ ಸ್ಪರ್ಧೆ 1899ರಲ್ಲಿ ನಡೆಯಿತು. ಅಮೆರಿಕದಲ್ಲಿ ಮೊದಲ ಕ್ಷೇತ್ರ ಸ್ಪರ್ಧೆ 1874ರಲ್ಲಿ ಟೆನೆಸೀಯ ಮೆಂಫಿಸ್‌ನಲ್ಲಿ ಜರುಗಿತು.

ಕ್ಷೇತ್ರ ಸ್ಪರ್ಧೆಯಲ್ಲಿ ನಿಜವಾದ ಬೇಟೆಯ ನಡುವೆಯೇ ನಾಯಿಗಳನ್ನು ಅಳೆಯುತ್ತಾರೆ. ಅಪ್ಪಣೆಯಿಲ್ಲದೆ ಓಡುವುದು, ಕುಂಯ್‌ಗುಟ್ಟುವುದು ಅಥವಾ ಬೊಗಳುವುದು, ಹಿಡಿತ ತಪ್ಪುವುದು, ನೀರಿಗಿಳಿಯಲು ಒಪ್ಪದಿರುವುದು, ಗಡಸುಬಾಯಿ ಇವುಗಳಲ್ಲಿ ಯಾವೊಂದಿದ್ದರೂ ನಾಯಿ ಸ್ಪರ್ಧೆಯಿಂದ ಹೊರಗೆ. ಡಮ್ಮಿಗಳಿಂದ ಬೇಸಿಗೆಯಲ್ಲಿ ನಡೆಸುವ ಪರೀಕ್ಷೆಗಳಿಗೆ ವರ್ಕಿಂಗ್ ಟೆಸ್ಟ್ ಎಂದು ಹೆಸರು. ಜರ್ಮನಿಯಲ್ಲಿ ಸ್ಪರ್ಧೆಗಿಂತ ಅರ್ಹತೆಯ ಪರೀಕ್ಷೆಗೆ ಒತ್ತು. ಎಳೆಯ ನಾಯಿಯ ಸಹಜ ಗುಣದ ಪರೀಕ್ಷೆ, ಶರತ್ಕಾಲದ ಪರೀಕ್ಷೆ, ಪೂರ್ಣ ಬಳಕೆಯ ಪರೀಕ್ಷೆ ಎಂಬ ಹಂತಗಳು ಅಲ್ಲಿವೆ.

ಇತರ ಉಪಯೋಗಗಳು

ಮೂಗಿನ ಸಾಮರ್ಥ್ಯ, ಅಪ್ಪಣೆಗೆ ಕಾಯುವ ಗುಣ ಮತ್ತು ಮನುಷ್ಯರೊಡನೆ ಕೂಡಿ ದುಡಿಯುವ ಸ್ವಭಾವದಿಂದಾಗಿ ಈ ತಳಿಗಳು ಬೇಟೆಯ ಆಚೆಗೂ ಬಳಕೆಯಾಗುತ್ತಿವೆ. ಸ್ಫೋಟಕ ಮತ್ತು ಮಾದಕವಸ್ತುಗಳ ಪತ್ತೆಗೆ ಲ್ಯಾಬ್ರಡಾರ್, ಸ್ಪ್ರಿಂಗರ್ ಮತ್ತು ಕಾಕರ್‌ಗಳನ್ನೂ, ಅಂಧರಿಗೆ ದಾರಿ ತೋರಲು ಲ್ಯಾಬ್ರಡಾರ್, ಗೋಲ್ಡನ್ ಮತ್ತು ಇವೆರಡರ ಮಿಶ್ರತಳಿಯನ್ನೂ ತರಬೇತುಗೊಳಿಸುತ್ತಾರೆ. ಬ್ರಿಟನ್ನಿನ ಮೂರ್‌ಗಳಲ್ಲಿ ಗ್ರೌಸ್ ಹಕ್ಕಿಗಳ ಗಣತಿಗೆ ಪಾಯಿಂಟರ್ ಮತ್ತು ಸೆಟರ್‌ಗಳನ್ನು ಬಳಸಲಾಗುತ್ತದೆ. ವಸಂತದಲ್ಲಿ ಜೋಡಿಗಳನ್ನೂ ಜುಲೈಯಲ್ಲಿ ಮರಿಗಳನ್ನೂ ನಾಯಿಯ ಸೂಚನೆಯಿಂದ ಪತ್ತೆಹಚ್ಚಿ ಎಣಿಸುತ್ತಾರೆ.

ಭಾರತದಲ್ಲಿ

ಬ್ರಿಟಿಷರ ಕಾಲದಲ್ಲಿ ಅಧಿಕಾರಿಗಳು ಮತ್ತು ತೋಟದ ಒಡೆಯರು ಸ್ಪೇನಿಯಲ್, ರಿಟ್ರೀವರ್‌ಗಳನ್ನು ಭಾರತಕ್ಕೆ ತಂದರು. ಕೆರೆ, ಗದ್ದೆಗಳಲ್ಲಿ ಸ್ನೈಪ್ ಮತ್ತು ಕಾಡುಬಾತಿನ ಬೇಟೆಗೆ ಅವು ಬಳಕೆಯಾದವು. ಕರ್ನಾಟಕದ ಮುಧೋಳ ನಾಯಿ ಬಯಲಿನಲ್ಲಿ ಕಣ್ಣಿನಿಂದ ಗುರುತಿಸಿ ಅಟ್ಟಿ ಹಿಡಿಯುವ ಹೌಂಡ್ ಆದ್ದರಿಂದ ಗನ್‌ಡಾಗ್ ವರ್ಗಕ್ಕೆ ಸೇರುವುದಿಲ್ಲ. ಮಲೆನಾಡು ಮತ್ತು ಕೊಡಗಿನ ಹಳುಬೇಟೆಯಲ್ಲಿ ಹಂದಿಯನ್ನು ಎಬ್ಬಿಸಿ ಬಿಲ್ಲಿನಲ್ಲಿ (ಬೇಟೆಗೆ ಕಾಯುವ ಜಾಗದಲ್ಲಿ) ಕೂತ ಈಡುಗಾರನತ್ತ ಓಡಿಸುತ್ತಿದ್ದ ನಾಡನಾಯಿಗಳೂ ಕೆಲಸದಲ್ಲಿ ಗುಂಪುಬೇಟೆಯ ನಾಯಿಗಳೇ, ಗನ್‌ಡಾಗ್‌ಗಳಲ್ಲ. ಬೇಟೆಯ ತಿರುಗಾಟದ ಜೊತೆಗಾರನಾದ ನಾಯಿಯ ಚಿತ್ರಣ ಕನ್ನಡ ಸಾಹಿತ್ಯದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕೃತಿಗಳಲ್ಲಿ ಕಾಣುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿಯ ಅನಂತರ ಹವ್ಯಾಸದ ಬೇಟೆ ಕಾನೂನುಬಾಹಿರವಾದ್ದರಿಂದ ಭಾರತದಲ್ಲಿ ಗನ್‌ಡಾಗ್‌ಗೆ ಮೂಲ ಕೆಲಸ ಉಳಿದಿಲ್ಲ. ಆದರೆ ಸೇನೆಯಲ್ಲೂ, ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಪೊಲೀಸ್ ಶ್ವಾನದಳಗಳಲ್ಲೂ ಸ್ಫೋಟಕ ಪತ್ತೆಗೆ ಲ್ಯಾಬ್ರಡಾರ್ ಇದೆ. ಮನೆಯ ನಾಯಿಯಾಗಿ ಲ್ಯಾಬ್ರಡಾರ್, ಗೋಲ್ಡನ್ ಮತ್ತು ಕಾಕರ್ ನಗರಗಳಲ್ಲಿ ಜನಪ್ರಿಯ.

ಇಂದಿನ ಸ್ಥಿತಿ

ಬ್ರಿಟನ್, ಐರ್ಲೆಂಡ್, ಯೂರೋಪಿನ ಇತರ ದೇಶಗಳು ಮತ್ತು ಉತ್ತರ ಅಮೆರಿಕದಲ್ಲಿ ಗನ್‌ಡಾಗ್‌ಗಳು ಇಂದಿಗೂ ತಮ್ಮ ಮೂಲ ಕೆಲಸದಲ್ಲಿವೆ. ಬ್ರಿಟನ್ನಿನಲ್ಲಿ ಲ್ಯಾಬ್ರಡಾರ್, ಕೆಲಸದ ಕಾಕರ್ ಮತ್ತು ಇಂಗ್ಲಿಷ್ ಸ್ಪ್ರಿಂಗರ್ ಮುಂಚೂಣಿಯಲ್ಲಿವೆ. ಕ್ಲಂಬರ್, ಫೀಲ್ಡ್, ಸಸೆಕ್ಸ್ ಸ್ಪೇನಿಯಲ್‌ಗಳು ಮತ್ತು ಕರ್ಲಿಕೋಟೆಡ್ ರಿಟ್ರೀವರ್ ಸಂಖ್ಯೆಯಲ್ಲಿ ಕ್ಷೀಣಿಸಿ, ಅಪಾಯದ ಅಂಚಿನ ಸ್ಥಳೀಯ ತಳಿಗಳ ಪಟ್ಟಿಯಲ್ಲಿವೆ. ಸೇಂಟ್ ಜಾನ್ಸ್ ನಾಯಿ ಮತ್ತು ಟ್ವೀಡ್ ವಾಟರ್ ಸ್ಪೇನಿಯಲ್ ಅಳಿದುಹೋಗಿ, ತಮ್ಮ ವಂಶಜ ತಳಿಗಳಲ್ಲಿ ಮಾತ್ರ ಉಳಿದಿವೆ. ಕೋವಿ ಹಿಡಿಯದವರೂ ಸೋವುವವರಾಗಿ, ಬಿದ್ದ ಹಕ್ಕಿ ಸಂಗ್ರಹಿಸುವವರಾಗಿ ಇಲ್ಲವೆ ಡಮ್ಮಿ ಪರೀಕ್ಷೆಗಳ ಸ್ಪರ್ಧಿಗಳಾಗಿ ಈ ನಾಯಿಗಳೊಡನೆ ಕೆಲಸ ಮಾಡುತ್ತಾರೆ. ಮನೆಯ ನಾಯಿಗಳ ಒಡೆಯರಿಗೂ ಗನ್‌ಡಾಗ್ ತರಬೇತಿಯ ತರಗತಿಗಳು ನಡೆಯುತ್ತವೆ.